ಮಣಿಕಟ್ಟಿನಿಂದ ಮೂರು ಬೆರಳು ದೂರ

ಚಿಕ್ಕಮ್ಮನ ಎರಡನೇ ಕೀಮೋ ಆದ ರಾತ್ರಿ ಸಾರಿನ ಒಗ್ಗರಣೆ ವಾಸನೆಗೇ ಅವಳಿಗೆ ಹೊಟ್ಟೆ ತೊಳಸೋಕೆ ಶುರುವಾಯ್ತು. ಮಾತ್ರೆಯಿಂದ ವಾಂತಿ ನಿಂತಿತ್ತು, ವಾಕರಿಕೆ ನಿಂತಿರಲಿಲ್ಲ. ಪಕ್ಕದ ಮನೆಯವರು ಮಣಿಕಟ್ಟಿಗೆ ಹಾಕಿಕೊಳ್ಳೋ ಒಂದು ಎಲಾಸ್ಟಿಕ್ ಬ್ಯಾಂಡ್ ತಂದುಕೊಟ್ಟರು. ಒಳಗಡೆ ಒಂದು ಪ್ಲಾಸ್ಟಿಕ್ ಗುಂಡಿ, ಅಷ್ಟೇ.

"ಇದು ಕೆಲ್ಸ ಮಾಡತ್ತೇನೋ? ಇಂಜಿನಿಯರ್ ಅಲ್ವಾ ನೀನು, ನೋಡಿ ಹೇಳು" ಅಂದ್ಲು ಚಿಕ್ಕಮ್ಮ.

ನಾನು ಬೇರೆಯವರ ಕೋಡಲ್ಲಿ ಬಗ್ ಹುಡುಕೋ ಇಂಜಿನಿಯರ್ ಅಂತ ಹೇಳೋಕೆ ಬಾಯಿ ಬರಲಿಲ್ಲ :) ಒಂದು ವಾರ ಕೂತು ಓದಿದೆ.

ಅಂಗೈ ಮೇಲೆ ಮಾಡಿ ಹಿಡ್ಕೊಳ್ಳಿ. ಮಣಿಕಟ್ಟಿನ ಗೆರೆಯಿಂದ ಮೊಳಕೈ ಕಡೆಗೆ ಮೂರು ಬೆರಳು ಅಳೆದರೆ ಎರಡು ಸ್ನಾಯುರಜ್ಜುಗಳ ನಡುವೆ ಒಂದು ತಗ್ಗು ಸಿಗತ್ತೆ. ಚೀನೀಯರು ಇದನ್ನು ನೈಗುವಾನ್, ಅಂದ್ರೆ ಒಳಬಾಗಿಲು ಅಂತಾರೆ. ಸುಮಾರು 2000 ವರ್ಷ ಹಳೆಯ 'ಹುವಾಂಗ್ದಿ ನೈಜಿಂಗ್' ವೈದ್ಯಗ್ರಂಥದಲ್ಲೇ ಈ ಹೆಸರಿದೆ. ಈಗಿನ ಡಾಕ್ಟರುಗಳ ಪೇಪರುಗಳಲ್ಲಿ ಮಾತ್ರ ಒಣ ಹೆಸರು: ಪಿ6.

ಇದನ್ನು ಪಾಶ್ಚಾತ್ಯ ಪದ್ಧತಿಯಲ್ಲಿ ಗಟ್ಟಿಯಾಗಿ ಪರೀಕ್ಷೆಗೆ ಹಚ್ಚಿದವರಲ್ಲಿ ಮುಖ್ಯ ಹೆಸರು ಜಾನ್ ಡಂಡೀ, ಬೆಲ್‌ಫಾಸ್ಟ್‌ನ ಕ್ವೀನ್ಸ್ ಯೂನಿವರ್ಸಿಟಿಯಲ್ಲಿ ಅರಿವಳಿಕೆ ವಿಭಾಗದ ಪ್ರೊಫೆಸರ್. ಆಪರೇಷನ್‌ಗೆ ಮುಂಚೆ ಕೊಡೋ ಅಫೀಮು ಜಾತಿಯ ನೋವುನಿವಾರಕಗಳಿಂದ ರೋಗಿಗಳಿಗೆ ವಾಂತಿ ಆಗೋದು ಅವರ ದಿನನಿತ್ಯದ ತಲೆನೋವು. ಪಿ6ಗೆ ಸೂಜಿ ಚುಚ್ಚಿದರೆ ಅದು ಕಡಿಮೆಯಾಗತ್ತೆ ಅಂತ 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ನಂಗೆ ಇಷ್ಟ ಆಗಿದ್ದು ಆಮೇಲಿನದು. ಮೊಳಕೈ ಹತ್ತಿರದ ಯಾವುದೋ ಜಾಗಕ್ಕೆ ಸುಳ್ಳು ಸೂಜಿ ಚುಚ್ಚಿ ನೋಡಿದರು, ಅಲ್ಲಿ ಉಪಯೋಗ ಕಾಣಲಿಲ್ಲ. ಪಿ6 ಜಾಗವನ್ನೇ ಮರಗಟ್ಟಿಸಿ ಚುಚ್ಚಿದರು, ಆಗಲೂ ಕೆಲಸ ಮಾಡಲಿಲ್ಲ. ಟೆಸ್ಟಿಂಗ್ ಅಂದ್ರೆ ಹೀಗಿರಬೇಕು!

ಅಷ್ಟರಲ್ಲಿ ಕ್ಯಾನ್ಸರ್ ವಾರ್ಡಿನಲ್ಲಿ ಬೇರೆಯದೇ ಸಂಕಟ ನಡೀತಿತ್ತು. 1978ರಲ್ಲಿ ಅಮೆರಿಕದಲ್ಲಿ ಮಂಜೂರಾದ ಸಿಸ್ಪ್ಲಾಟಿನ್ ವೃಷಣದ ಕ್ಯಾನ್ಸರಿಗೆ ದೊಡ್ಡ ವರ. ಆದರೆ ಅದು ತರುತ್ತಿದ್ದ ವಾಂತಿ ಭಯಂಕರ. ಆಗಿದ್ದ ಔಷಧಿಗಳು ಅದಕ್ಕೆ ಸಾಲುತ್ತಿರಲಿಲ್ಲ. ಡಂಡೀ ತಮ್ಮ ಸೂಜಿ ಹಿಡಿದು ಅಲ್ಲಿಗೂ ಹೋದರು. ಉಪಯೋಗ ಆಯ್ತು, ಆದರೆ ಸುಮಾರು 8 ಗಂಟೆ ಮಾತ್ರ. ರಾತ್ರಿ ಮನೆಯಲ್ಲಿ ಯಾರು ಚುಚ್ಚಬೇಕು? ಆಗ ನೆನಪಾಗಿದ್ದು ಹಡಗಿನಲ್ಲಿ ವಾಕರಿಕೆ ಬರೋರು ಹಾಕಿಕೊಳ್ಳೋ ಗುಂಡಿ ಬ್ಯಾಂಡ್. ಸೂಜಿ ಆದಮೇಲೆ ಅದನ್ನು ಕಟ್ಟಿ, ಎರಡೆರಡು ಗಂಟೆಗೊಮ್ಮೆ ಒತ್ತಿದರೆ ಪರಿಣಾಮ 24 ಗಂಟೆಯವರೆಗೂ ಎಳೆಯತ್ತೆ ಅಂತ 1990ರಲ್ಲಿ ವರದಿ ಮಾಡಿದರು. ಚಿಕ್ಕಮ್ಮನ ಮಂಚದ ಪಕ್ಕ ಬಿದ್ದಿದ್ದು ಅದೇ ಬ್ಯಾಂಡಿನ ಜಾತಿಯದು.

ಸರಿಯಾಗಿ ಅದೇ ಹೊತ್ತಿಗೆ, 1990-91ರಲ್ಲಿ, ಆಂಡಾನ್ಸೆಟ್ರಾನ್ ಮಾರುಕಟ್ಟೆಗೆ ಬಂತು. ವಾಂತಿ ಎಷ್ಟೋ ಹತೋಟಿಗೆ ಬಂತು. ಬ್ಯಾಂಡಿಗೆ ಉಳಿದದ್ದು ಔಷಧಿ ಬಿಟ್ಟುಹೋದ ಚೂರುಪಾರು ವಾಕರಿಕೆ. 1997ರಲ್ಲಿ ಅಮೆರಿಕದ ಎನ್‌ಐಎಚ್ ಕರೆದ ತಜ್ಞರು ಕೀಮೋ ವಾಂತಿಗೆ ಅಕ್ಯುಪಂಕ್ಚರ್ ಪರಿಣಾಮಕಾರಿ ಅಂದರು. ಅದು ಸೂಜಿಯ ಮಾತು. ಬರೀ ಒತ್ತುವುದರ ಬಗ್ಗೆ 2006ರ ಕಾಕ್ರೇನ್ ವಿಮರ್ಶೆ ಹೇಳಿದ್ದು ಇಷ್ಟು: ಮೊದಲ ದಿನದ ವಾಕರಿಕೆ ತುಸು ಕಡಿಮೆ, ವಾಂತಿಗೆ ಪ್ರಯೋಜನವಿಲ್ಲ. ಆಮೇಲೆ ಬ್ರಿಟನ್ನಿನಲ್ಲಿ 500 ರೋಗಿಗಳಲ್ಲಿ ಅಸಲಿ ಬ್ಯಾಂಡ್, ನಕಲಿ ಬ್ಯಾಂಡ್, ಬರೀ ಔಷಧಿ ಅಂತ ಮೂರು ಗುಂಪು ಮಾಡಿ ನೋಡಿದರು. 2013ರಲ್ಲಿ ಫಲಿತಾಂಶ ಬಂತು: ಲೆಕ್ಕಕ್ಕೆ ಸಿಗೋ ವ್ಯತ್ಯಾಸ ಇಲ್ಲ.

ಇದನ್ನು ಓದಿ ಮುಗಿಸಿದಾಗ ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ. ಬ್ಯಾಂಡ್ ಗೆಲ್ಲಲಿ ಅಂತ ನನ್ನ ಮನಸ್ಸು ಒಳಗೊಳಗೇ ಬಯಸಿತ್ತು. ಚಿಕ್ಕಮ್ಮನಿಗೆ ಹೇಳದೇ ಇರೋಣವೇ ಅಂತ ಎರಡು ದಿನ ಯೋಚಿಸಿ, ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಮಾತ್ರೆ ಬಿಡು ಅಂತ ಯಾರೂ ಹೇಳ್ತಿಲ್ವಲ್ಲ, ಇದೂ ಇರಲಿ ಬಿಡು" ಅಂದ್ಲು. ಡಾಕ್ಟರೂ ಬೇಡ ಅನ್ನಲಿಲ್ಲ. ಎಡಗಡೆ ಆಪರೇಷನ್ ಆಗಿರೋದರಿಂದ ಬಲಗೈಗೆ ಮಾತ್ರ ಹಾಕಿ ಅಂದರು. ಜೊತೆಗೆ ಇನ್ನೊಂದು ಮಾತ್ರೆ ಸೇರಿಸಿದರು.

ಮೂರನೇ ಕೀಮೋ ಆದ ಮಾರನೇ ದಿನ ಒಂದೂವರೆ ಇಡ್ಲಿ ತಿಂದಳು. ಮಾತ್ರೆಯೋ ಬ್ಯಾಂಡೋ ಗೊತ್ತಿಲ್ಲ. ಎರಡನ್ನೂ ಒಟ್ಟಿಗೇ ಬದಲಾಯಿಸಿಬಿಟ್ಟೆವಲ್ಲ. ನಾಲ್ಕನೆಯದು ಬರೋ ಗುರುವಾರ.