ಕುಪ್ಪಳಿ ಮನೆ

ಲೆಕ್ಕಕ್ಕೆ ಹೇಳುವುದಾದರೆ ಇಷ್ಟೆ: ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕು, ಗದ್ದೆ, ಅಡಿಕೆ ತೋಟ, ಸುತ್ತ ಕಾಡು. ಊರೆಂದರೂ ಒಂದೇ, ಮನೆಯೆಂದರೂ ಒಂದೇ. ಮಲೆನಾಡಿನಲ್ಲಿ ಮನೆಯ ಹೆಸರೇ ಊರಿನ ಹೆಸರು, ಮನುಷ್ಯನ ಹೆಸರಿಗೂ ಅದೇ ಮುಂದಕ್ಷರ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದದ್ದು ಹಾಗೆ.

ನನ್ನ ತಕರಾರು ಒಂದಿದೆ. ಬಸ್ಸಿಳಿದು ಬರುವವರಲ್ಲಿ ಹತ್ತಕ್ಕೆ ಎಂಟು ಜನ ಅಂಗಳದಲ್ಲಿ ನಿಂತು 'ಕವಿ ಹುಟ್ಟಿದ ಮನೆ' ಅನ್ನುತ್ತಾರೆ. ಎಷ್ಟೋ ಬರಹಗಳಲ್ಲೂ ಹಾಗೇ ಇದೆ. ಹುಟ್ಟಿದ್ದು ಇಲ್ಲಲ್ಲ. ಚೊಚ್ಚಲ ಬಾಣಂತನ ತೌರಿನಲ್ಲಿ ಎಂಬ ವಾಡಿಕೆಯಂತೆ ತಾಯಿ ಸೀತಮ್ಮನವರ ತೌರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. 1904ರ ಡಿಸೆಂಬರ್ 29, ಗುರುವಾರ. ಪಂಚಾಂಗ ತಿರುವಿದರೆ ಕ್ರೋಧಿ ಸಂವತ್ಸರದ ಮಾರ್ಗಶಿರ ಬಹುಳ ಸಪ್ತಮಿ. ಆಗ ಕೊಪ್ಪ ಇದ್ದದ್ದು ಕಡೂರು ಜಿಲ್ಲೆಯಲ್ಲಿ. ಅಂದರೆ ತಾಲ್ಲೂಕೂ ಬೇರೆ, ಜಿಲ್ಲೆಯೂ ಬೇರೆ. ಸೂತಕ ಕಳೆದು ತೊಟ್ಟಿಲು ಬಂದದ್ದು ಕುಪ್ಪಳಿಗೆ, ಬೆಳೆದದ್ದು ಇಲ್ಲಿ. ಮನೆಗೆ ಅಷ್ಟು ಸಾಲದೆ? ತೌರಿನ ಪಾಲನ್ನು ಯಾಕೆ ಕಿತ್ತುಕೊಳ್ಳಬೇಕು?

ಈಗ ಕಾಣುವುದು ಶಿಥಿಲವಾಗಿದ್ದ ಹಳೆಯ ಮನೆಯನ್ನು ಕುವೆಂಪು ಪ್ರತಿಷ್ಠಾನ ಮತ್ತೆ ಎತ್ತಿ ನಿಲ್ಲಿಸಿದ ರೂಪ. ಹೆಂಚಿನ ಮಾಡು, ಮರದ ಕಂಬ, ನಡುವೆ ತೊಟ್ಟಿ, ಮೇಲೆ ಉಪ್ಪರಿಗೆ. ಹಸ್ತಪ್ರತಿ, ಪ್ರಶಸ್ತಿಗಳ ಮುಂದೆ ಜನ ಸಾಲು ನಿಲ್ಲುತ್ತಾರೆ. ನಾನು ನಿಲ್ಲುವುದು ಅಡುಗೆಮನೆ ಕಡೆಯ ಸಾಮಾನುಗಳ ಮುಂದೆ. ಕೂಡುಕುಟುಂಬಕ್ಕೆ ಬೇಯಿಸಿ ಬಡಿಸಿದ ಹೆಂಗಸರ ಚರಿತ್ರೆ ಅವುಗಳಲ್ಲಿ ಅಷ್ಟಿಷ್ಟು ಉಳಿದಿದೆ. ಗದ್ದೆಯಲ್ಲಿ ದುಡಿದ ಆಳುಗಳ ಬಿಡಾರಗಳಿಗೆ ಆ ಭಾಗ್ಯವೂ ಇಲ್ಲ. ಅವರನ್ನು ಹುಡುಕಬೇಕಾದರೆ 'ಮಲೆಗಳಲ್ಲಿ ಮದುಮಗಳು' ಕಾದಂಬರಿಗೇ ಹೋಗಬೇಕು.

ಕವಿಯ ಮದುವೆಯ ಮಂಟಪವೂ ಇಲ್ಲಿದೆ. ಮದುವೆ ಆದದ್ದು 1937ರಲ್ಲಿ. 1966ರಲ್ಲಿ ಮಗ ತೇಜಸ್ವಿಯ ಮದುವೆ ಇದೇ ಕುಪ್ಪಳಿಯಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಯಿತು: ಪುರೋಹಿತರಿಲ್ಲ, ವಾಲಗವಿಲ್ಲ. ಅಪ್ಪನ ಮಂಟಪ ನೋಡಿದ ಮೇಲೆ ಮಗನ ಮದುವೆಯನ್ನು ನೆನೆದರೆ ಒಂದು ತಲೆಮಾರಿನಲ್ಲಿ ಮನೆ ಎಷ್ಟು ದೂರ ನಡೆಯಿತೆಂದು ತಿಳಿಯುತ್ತದೆ.

ಹಿಂದಿನ ಗುಡ್ಡವೇ ಕವಿಶೈಲ. ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರುಗಳ ಕೆತ್ತನೆಯಿದೆ. 1994ರ ನವೆಂಬರಿನಲ್ಲಿ ಕವಿಯ ದೇಹ ಇಲ್ಲಿಗೇ ಬಂತು.

2015ರ ನವೆಂಬರಿನಲ್ಲಿ ಈ ಮನೆಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದರು. ಊರೂರೇ ಹಲುಬಿತು. ಆದರೆ ನಮ್ಮ ನಮ್ಮ ಮನೆಗಳಿಂದ ಮರಿಗೆ, ಕಡೆಗೋಲು, ಹಳೇ ಕಡತ ದಿನಾ ಗುಜರಿಗೆ ಹೋಗುತ್ತಿವೆ. ಅದಕ್ಕೆ ದೂರು ಕೊಡುವವರಿಲ್ಲ. ನಿಮ್ಮ ಅಟ್ಟದಲ್ಲಿ ಜಾತಕದ ಗಂಟೊಂದು ಬಿದ್ದಿದ್ದರೆ ಬಚ್ಚಲೊಲೆಗೆ ಹಾಕುವ ಮೊದಲು ದಯವಿಟ್ಟು ಒಮ್ಮೆ ಬಿಚ್ಚಿ ಓದಿ.