ಆ ಸ್ಕುವೊಲಾ ದಿ ಓಪನ್‌ಕೊಯೆಜಿಯೋನೆ

ಆ ಸ್ಕುವೊಲಾ ದಿ ಓಪನ್‌ಕೊಯೆಜಿಯೋನೆ: ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ದತ್ತಾಂಶ ವಿಜ್ಞಾನವನ್ನೂ ಪೌರಜವಾಬ್ದಾರಿಯನ್ನೂ ಒಟ್ಟಿಗೆ ಕಲಿಸುವ ಇಟಲಿ ಸರ್ಕಾರದ ಕಾರ್ಯಕ್ರಮ. ಚಿಕ್ಕದಾಗಿ ಅಸೋಕ್ ಎನ್ನುತ್ತಾರೆ. ಸಾರ್ವಜನಿಕ ಹಣದಲ್ಲಿ ತಮ್ಮ ಊರಲ್ಲಿ ನಡೆಯುತ್ತಿರುವ ಒಂದು ಕಾಮಗಾರಿಯನ್ನು ವಿದ್ಯಾರ್ಥಿಗಳು ಸರ್ಕಾರದ ಮುಕ್ತ ದತ್ತಾಂಶದಿಂದ ಆರಿಸಿಕೊಳ್ಳುತ್ತಾರೆ. ಅದರ ಲೆಕ್ಕಪತ್ರ ಓದುತ್ತಾರೆ, ಸ್ಥಳಕ್ಕೆ ಹೋಗಿ ನೋಡುತ್ತಾರೆ, ಕಂಡದ್ದನ್ನು ಊರವರ ಮತ್ತು ಅಧಿಕಾರಿಗಳ ಮುಂದಿಡುತ್ತಾರೆ. 2013–14ರ ಶೈಕ್ಷಣಿಕ ವರ್ಷದಲ್ಲಿ 7 ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾದ ಇದು ಮರುವರ್ಷವೇ 80ಕ್ಕೂ ಹೆಚ್ಚು ಶಾಲೆಗಳನ್ನು ತಲುಪಿತು. ಶಾಲಾ ಮಕ್ಕಳ ಕೈಗೆ ಅಂಕಿಅಂಶ ಕೊಟ್ಟು ಅವರನ್ನು ಆಡಳಿತದ ಜೊತೆ ಮಾತಿಗೆ ಕೂರಿಸಿದ ಪ್ರಯತ್ನಗಳಲ್ಲಿ ಇಷ್ಟು ಕಾಲ, ಇಷ್ಟು ವ್ಯವಸ್ಥಿತವಾಗಿ ನಡೆದುಬಂದವು ವಿರಳ.

ಹಿನ್ನೆಲೆ

ಐರೋಪ್ಯ ಒಕ್ಕೂಟದ ಆಯವ್ಯಯದಲ್ಲಿ ದೊಡ್ಡದೊಂದು ಪಾಲು ಪ್ರದೇಶ ಪ್ರದೇಶಗಳ ನಡುವಿನ ಅಂತರ ತಗ್ಗಿಸಲು ಮೀಸಲಾಗಿದೆ. ಕೊಹೀಷನ್ ನಿಧಿಗಳು ಎಂದು ಕರೆಯುವ ಈ ಹಣ ಇಟಲಿಯಲ್ಲಿ ಮುಖ್ಯವಾಗಿ ದಕ್ಷಿಣದ ಕಂಪಾನಿಯಾ, ಕಲಾಬ್ರಿಯಾ, ಪುಲಿಯಾ, ಸಿಸಿಲಿ ಪ್ರಾಂತಗಳಿಗೆ ಹೋಗುತ್ತದೆ. ರೈಲುಮಾರ್ಗ, ಒಳಚರಂಡಿ, ಶಾಲಾ ಕಟ್ಟಡ, ವಸ್ತುಸಂಗ್ರಹಾಲಯ, ಉದ್ಯೋಗ ತರಬೇತಿ ಎಲ್ಲವೂ ಇದರೊಳಗೆ ಬರುತ್ತವೆ. 2007–13ರ ಅವಧಿಯ ಹಣವನ್ನು ಇಟಲಿ ಬಹಳ ನಿಧಾನವಾಗಿ ಖರ್ಚು ಮಾಡುತ್ತಿತ್ತು. ನಿಗದಿತ ಕಾಲದಲ್ಲಿ ಬಳಸದ ಹಣ ಒಕ್ಕೂಟಕ್ಕೆ ವಾಪಸಾಗುವುದು ನಿಯಮ. ಆದ್ದರಿಂದ 2011ರ ಹೊತ್ತಿಗೆ ಇದು ರಾಜಕೀಯವಾಗಿ ಬಿಸಿಯೇರಿದ ವಿಷಯವಾಗಿತ್ತು.

ಪ್ರಧಾನಿ ಮಾರಿಯೊ ಮೊಂತಿ ಅವರ ಸರ್ಕಾರದಲ್ಲಿ ಪ್ರಾದೇಶಿಕ ಕೊಹೀಷನ್ ಖಾತೆಯ ಹೊಣೆ ಹೊತ್ತ ಅರ್ಥಶಾಸ್ತ್ರಜ್ಞ ಫಾಬ್ರಿಜಿಯೊ ಬಾರ್ಕಾ, ಕಾಮಗಾರಿಗಳಿಗೆ ವೇಗ ಕೊಡುವ ಕ್ರಮಗಳ ಜೊತೆಗೇ ಅವುಗಳ ಲೆಕ್ಕವನ್ನೂ ಜನರಿಗೆ ತೆರೆದಿಡುವ ದಾರಿ ಹಿಡಿದರು. 2012ರ ಜುಲೈಯಲ್ಲಿ ಓಪನ್‌ಕೊಯೆಜಿಯೋನೆ ಜಾಲತಾಣ ಆರಂಭವಾಯಿತು. ಹಣ ಪಡೆದವರ ಪಟ್ಟಿ ಪ್ರಕಟಿಸಿದರೆ ಸಾಕು ಎಂದು ಒಕ್ಕೂಟದ ನಿಯಮ ಹೇಳುತ್ತಿದ್ದಾಗ, ಈ ತಾಣ ಒಂದೊಂದು ಯೋಜನೆಗೂ ಒಂದೊಂದು ಪುಟ ತೆರೆಯಿತು. ಮಂಜೂರಾದ ಮೊತ್ತ, ಈವರೆಗಿನ ಪಾವತಿ, ಶುರುವಾಗಬೇಕಿದ್ದ ಮತ್ತು ಶುರುವಾದ ದಿನಾಂಕ, ಮುಗಿಯಬೇಕಿದ್ದ ಮತ್ತು ಮುಗಿದ ದಿನಾಂಕ, ಹಣ ಮಂಜೂರು ಮಾಡಿದ ಸಂಸ್ಥೆ, ಕೆಲಸ ಮಾಡಿಸುವ ಸಂಸ್ಥೆ, ಸ್ಥಳ, ಪ್ರತಿ ಸಾರ್ವಜನಿಕ ಹೂಡಿಕೆಗೂ ಇರುವ ಏಕೈಕ ಗುರುತು ಸಂಖ್ಯೆ, ಇವಿಷ್ಟೂ ಅಲ್ಲಿ ಸಿಗುತ್ತವೆ. ರಾಷ್ಟ್ರೀಯ ಮೇಲ್ವಿಚಾರಣಾ ವ್ಯವಸ್ಥೆಯಿಂದ ಎರಡು ತಿಂಗಳಿಗೊಮ್ಮೆ ಮಾಹಿತಿ ಹೊಸದಾಗುತ್ತದೆ. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು.

ಬಾಗಿಲು ತೆರೆದ ಮಾತ್ರಕ್ಕೆ ಜನ ಒಳಗೆ ಬರಲಿಲ್ಲ. ಕೋಷ್ಟಕ ಓದಬಲ್ಲ ಪತ್ರಕರ್ತರು, ಸಂಶೋಧಕರು ಬಂದರು. ಯಾರ ಬೀದಿಯಲ್ಲಿ ಕೆಲಸ ನಡೆಯುತ್ತಿತ್ತೋ ಅವರು ಬರಲಿಲ್ಲ. 2013ರಲ್ಲಿ ಹುಟ್ಟಿದ ಮೊನಿಥಾನ್ ಎಂಬ ನಾಗರಿಕ ಉಪಕ್ರಮ ಈ ಕೊರತೆಗೆ ಒಂದು ಉತ್ತರವಾಗಿತ್ತು. ಆಸಕ್ತರು ಗುಂಪಾಗಿ ಕಾಮಗಾರಿ ಸ್ಥಳಕ್ಕೆ ಹೋಗಿ, ಒಂದೇ ಮಾದರಿಯ ಪ್ರಶ್ನಾವಳಿಯಲ್ಲಿ ವರದಿ ಬರೆದು ನಕ್ಷೆಯ ಮೇಲೆ ಗುರುತಿಸುವುದು ಅದರ ಪದ್ಧತಿ. ಅದೇ ಪದ್ಧತಿಯನ್ನು ತರಗತಿಗೆ ತಂದದ್ದು ಅಸೋಕ್. ಪ್ರಾದೇಶಿಕ ಅಭಿವೃದ್ಧಿಯ ಇಲಾಖೆ, ಶಿಕ್ಷಣ ಸಚಿವಾಲಯ ಮತ್ತು ಇಟಲಿಯಲ್ಲಿರುವ ಐರೋಪ್ಯ ಆಯೋಗದ ಪ್ರತಿನಿಧಿ ಕಚೇರಿ ಇದಕ್ಕೆ ಕೈಜೋಡಿಸಿದವು. ಮುಂದೆ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯಾದ ಇಸ್ತಾತ್ ಕೂಡ ಜೊತೆಯಾಯಿತು.

ತರಗತಿಯ ಕೆಲಸ

ಇಡೀ ತರಗತಿ ಒಂದು ತಂಡ. ಯೋಜನೆಯ ಹೊಣೆ ಹೊರುವವರು, ವಿಶ್ಲೇಷಕರು, ಬರಹಗಾರರು, ವಿನ್ಯಾಸಕರು, ಕೋಡ್ ಬರೆಯುವವರು, ಸಾಮಾಜಿಕ ಜಾಲತಾಣ ನೋಡಿಕೊಳ್ಳುವವರು ಎಂದು ಮಕ್ಕಳೇ ಕೆಲಸ ಹಂಚಿಕೊಳ್ಳುತ್ತಾರೆ. ಲೆಕ್ಕದಲ್ಲಿ ಹಿಂದಿರುವ ಹುಡುಗನೂ ಕ್ಯಾಮೆರಾ ಹಿಡಿದು ತಂಡಕ್ಕೆ ಬೇಕಾದವನಾಗುತ್ತಾನೆ ಎಂಬುದು ಈ ಹಂಚಿಕೆಯ ಲಾಭ. ಆದರೆ ಶಿಕ್ಷಕರು ಎಚ್ಚರವಾಗಿರದಿದ್ದರೆ ಲೆಕ್ಕ ಗೊತ್ತಿದ್ದವರೇ ಲೆಕ್ಕ ಮಾಡಿ, ಉಳಿದವರು ಅಂಕಿಯನ್ನು ಮುಟ್ಟದೆಯೇ ವರ್ಷ ಮುಗಿಸಿಬಿಡುವ ಅಪಾಯವೂ ಇದೆ.

ಮೊದಲ ಕೆಲಸ ಆಯ್ಕೆ. ತಮ್ಮ ಊರು ಅಥವಾ ಪ್ರಾಂತದ ಯೋಜನೆಗಳ ಪಟ್ಟಿ ತೆರೆದು ಒಂದನ್ನು ಎತ್ತಿಕೊಳ್ಳಬೇಕು. ನಿಜವಾದ ಕಲಿಕೆ ಇಲ್ಲೇ ಶುರುವಾಗುತ್ತದೆ, ಏಕೆಂದರೆ ಸರ್ಕಾರಿ ಪಟ್ಟಿ ಪಠ್ಯಪುಸ್ತಕದ ಕೋಷ್ಟಕದ ಹಾಗೆ ಮಟ್ಟಸವಾಗಿ ಇರುವುದಿಲ್ಲ. ಒಂದೇ ರೈಲುಮಾರ್ಗದ ಕೆಲಸ ಹಲವು ಸಾಲುಗಳಾಗಿ ಒಡೆದಿರಬಹುದು. ಕೋಟಿಗಟ್ಟಲೆ ಯೂರೊದ ಕಾಮಗಾರಿಯ ಪಕ್ಕದಲ್ಲೇ ಒಬ್ಬ ಅಭ್ಯರ್ಥಿಯ ತರಬೇತಿ ಶುಲ್ಕವೂ ಒಂದು 'ಯೋಜನೆ'ಯಾಗಿ ಕೂತಿರುತ್ತದೆ. ಉದಾಹರಣೆಗೆ ಒಂದು ಊರಿನ ಪಟ್ಟಿಯಲ್ಲಿ ಐದು ಯೋಜನೆಗಳಿವೆ ಎನ್ನೋಣ: 10,000, 12,000, 15,000, 20,000 ಮತ್ತು 50 ಲಕ್ಷ ಯೂರೊ. ಸರಾಸರಿ ತೆಗೆದರೆ 10,11,400 ಬರುತ್ತದೆ. ಮಧ್ಯಾಂಕ ಬರೀ 15,000. ಸರಾಸರಿ ಹತ್ತು ಲಕ್ಷ ದಾಟಿದೆ ಎಂದು ಭಾಷಣದಲ್ಲಿ ಹೇಳಿದವರು ಸುಳ್ಳು ಹೇಳಿದಂತಾಗುವುದಿಲ್ಲ, ಆದರೂ ಆ ಊರಿನಲ್ಲಿ ಅಷ್ಟು ಮೊತ್ತದ ಯೋಜನೆ ಇರುವುದು ಒಂದೇ. ಸರಾಸರಿ, ಮಧ್ಯಾಂಕಗಳ ವ್ಯತ್ಯಾಸವನ್ನು ಹತ್ತು ಅಭ್ಯಾಸ ಲೆಕ್ಕ ಮಾಡಿಸಿಯೂ ಮನಸ್ಸಿಗೆ ಇಳಿಸಲಾಗದ ಶಿಕ್ಷಕರಿಗೆ ತಮ್ಮೂರಿನ ಒಂದು ಪಟ್ಟಿ ಸಾಕಾಗುತ್ತದೆ.

ದಿನಾಂಕಗಳ ಕಾಲಂ ಇನ್ನೂ ಹೆಚ್ಚು ಮಾತಾಡುತ್ತದೆ. ಓಪನ್‌ಕೊಯೆಜಿಯೋನೆಯಲ್ಲಿ ಯೋಜನೆಯ ಸ್ಥಿತಿಯನ್ನು ಶುರುವಾಗಿಲ್ಲ, ನಡೆಯುತ್ತಿದೆ, ಮುಗಿದಿದೆ ಎಂದು ಗುರುತಿಸುವುದರ ಜೊತೆಗೆ ಇನ್ನೊಂದು ಬಗೆಯೂ ಇದೆ: ಹಣ ಹೆಚ್ಚುಕಡಿಮೆ ಪೂರ್ತಿ ಪಾವತಿಯಾಗಿದೆ, ಆದರೆ ಕೆಲಸ ಮುಗಿದ ದಿನಾಂಕ ದಾಖಲಾಗಿಲ್ಲ. ಈ ಖಾಲಿ ಕೋಶ ಕಂಡ ವಿದ್ಯಾರ್ಥಿಗೆ ಎರಡು ಸಾಧ್ಯತೆಗಳು ಹೊಳೆಯಬೇಕು. ಗುಮಾಸ್ತರು ದಿನಾಂಕ ತುಂಬುವುದನ್ನು ಮರೆತಿರಬಹುದು, ಇಲ್ಲವೇ ದುಡ್ಡು ಹೋಗಿಯೂ ಕೆಲಸ ನಿಂತಿರಬಹುದು. ಯಾವುದು ನಿಜ ಎಂದು ಕಂಪ್ಯೂಟರ್ ಮುಂದೆ ಎಷ್ಟು ಹೊತ್ತು ಕೂತರೂ ಗೊತ್ತಾಗುವುದಿಲ್ಲ. ಎದ್ದು ಹೋಗಬೇಕು.

ಹೋಗುವ ಮೊದಲು ಹಿನ್ನೆಲೆಯ ಅಂಕಿಗಳನ್ನು ಕೂಡಿಸಿಕೊಳ್ಳುತ್ತಾರೆ. ಕಾಮಗಾರಿ ಒಂದು ಶಿಶುವಿಹಾರವಾದರೆ ಊರಿನಲ್ಲಿ ಎಷ್ಟು ಮಕ್ಕಳಿದ್ದಾರೆ, ನೀರಿನ ಕೊಳವೆಯಾದರೆ ಎಷ್ಟು ನೀರು ಸೋರಿಹೋಗುತ್ತಿದೆ ಎಂಬ ಬಗೆಯ ಪ್ರಶ್ನೆಗಳಿಗೆ ಇಸ್ತಾತ್‌ನ ಪ್ರಾದೇಶಿಕ ಕಚೇರಿಯವರು ನೆರವಾಗುತ್ತಾರೆ. ಸಿಗದ ಕಡತಕ್ಕೆ ಅರ್ಜಿ ಹಾಕುವುದೂ ಪಾಠದ ಭಾಗ. 2016ರ 97ನೇ ಶಾಸನಾಜ್ಞೆಯ ಮೂಲಕ ಇಟಲಿ ತನ್ನ ಮಾಹಿತಿ ಹಕ್ಕನ್ನು ವಿಸ್ತರಿಸಿ, ಕಾರಣ ಹೇಳದೆಯೇ ಯಾರು ಬೇಕಾದರೂ ದಾಖಲೆ ಕೇಳಬಹುದು ಎಂದಿತು. ಉತ್ತರಕ್ಕೆ ಗಡುವು 30 ದಿನ, ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇರುವಷ್ಟೇ.

ಸ್ಥಳ ಪರಿಶೀಲನೆ ಇಡೀ ವರ್ಷದ ತಿರುಳು. ಮಕ್ಕಳು ಫೋಟೊ ತೆಗೆದು, ಎಂಜಿನಿಯರರನ್ನು ಮಾತಾಡಿಸಿ, ಆ ರಸ್ತೆಯನ್ನೋ ಕಟ್ಟಡವನ್ನೋ ಬಳಸುವ ಜನರನ್ನು ಕೇಳಿ, ಮೊನಿಥಾನ್ ಮಾದರಿಯಲ್ಲಿ ವರದಿ ಬರೆಯುತ್ತಾರೆ. ಕೆಲಸ ಎಲ್ಲಿಗೆ ಬಂದಿದೆ, ಯಾವುದು ಚೆನ್ನಾಗಿದೆ, ಯಾವುದು ಸೋತಿದೆ, ಏನು ಮಾಡಿದರೆ ಸುಧಾರಿಸೀತು ಎಂಬ ನಾಲ್ಕೂ ಅದರಲ್ಲಿರಬೇಕು. ಕೊನೆಯ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯ. ತಪ್ಪು ಹುಡುಕುವುದಷ್ಟೇ ಕಲಿತ ಮಗು ಆಡಳಿತವನ್ನು ದೂರುವುದರಲ್ಲಿ ನಿಂತುಬಿಡುತ್ತದೆ. ಸಲಹೆ ಬರೆಯಬೇಕಾದಾಗ ಮಾತ್ರ ಅನುದಾನ ಎಲ್ಲಿಂದ ಬರುತ್ತದೆ, ಟೆಂಡರ್ ಯಾರು ಕರೆಯುತ್ತಾರೆ, ಕೆಲಸ ಯಾವ ಮೇಜಿನಲ್ಲಿ ನಿಂತಿದೆ ಎಂದು ತಿಳಿಯಲೇಬೇಕಾಗುತ್ತದೆ.

ದಕ್ಷಿಣ ಇಟಲಿಯ ತಂಡಗಳು ಆರಿಸಿಕೊಂಡಿರುವ ವಿಷಯಗಳಲ್ಲಿ ಮಾಫಿಯಾದಿಂದ ಮುಟ್ಟುಗೋಲು ಹಾಕಿಕೊಂಡ ಆಸ್ತಿಗಳು ಎದ್ದು ಕಾಣುತ್ತವೆ. ಅಂಥ ಮನೆ, ಜಮೀನುಗಳನ್ನು ಸಮಾಜದ ಉಪಯೋಗಕ್ಕೆ ಕೊಡಬೇಕು ಎಂದು 1996ರ 109ನೇ ಕಾಯ್ದೆ ಹೇಳಿತು. ಅವುಗಳ ದುರಸ್ತಿಗೆ ಕೊಹೀಷನ್ ಹಣವೂ ಬಳಕೆಯಾಗಿದೆ. ಹಿರಿಯರು ದನಿ ತಗ್ಗಿಸಿ ಮಾತಾಡುವ ಮನೆಯ ಮುಂದೆ ಶಾಲಾ ಮಕ್ಕಳು ಅಳತೆಯ ಪಟ್ಟಿ, ಲೆಕ್ಕದ ಹಾಳೆ ಹಿಡಿದು ನಿಲ್ಲುವುದಕ್ಕೆ ಎದೆಗಾರಿಕೆ ಬೇಕು. ಜಾಲತಾಣದ ಪುಟ, ಶಾಲೆಯ ಮುದ್ರೆ, ಸಚಿವಾಲಯದ ಒಪ್ಪಿಗೆ ಮೂರೂ ಬೆನ್ನಿಗಿರುವುದರಿಂದ ಆ ಕೆಲಸ ಸಾಧ್ಯವಾಗುತ್ತದೆ.

ವರ್ಷದ ಕೊನೆಗೆ ಊರಿನಲ್ಲಿ ಸಾರ್ವಜನಿಕ ಸಭೆ. ಮುಕ್ತ ಆಡಳಿತ ಸಪ್ತಾಹದ ಸಂದರ್ಭದಲ್ಲಿ ಇಂಥ ಸಭೆಗಳು ನಡೆದಿವೆ. ಮೇಯರ್, ಅಧಿಕಾರಿಗಳು, ಪೋಷಕರು ಕೂತಿರುವಾಗ ಮಕ್ಕಳು ತಮ್ಮ ಅಂಕಿ, ಚಿತ್ರ, ಪ್ರಶ್ನೆಗಳನ್ನು ಮುಂದಿಡುತ್ತಾರೆ. ತಂಡಗಳ ಕೆಲಸಕ್ಕೆ ಅಂಕಗಳಿದ್ದು, ಗೆದ್ದವರಿಗೆ ಬ್ರಸೆಲ್ಸ್‌ನ ಐರೋಪ್ಯ ಸಂಸ್ಥೆಗಳನ್ನು ನೋಡಿಬರುವ ಬಹುಮಾನವೂ ಉಂಟು.

ಇತಿಮಿತಿ

ಕಾಮಗಾರಿಗೆ ಹತ್ತು ವರ್ಷ ಬೇಕಾದರೆ ಶಾಲಾ ವರ್ಷ ಜೂನ್‌ನಲ್ಲಿ ಮುಗಿಯುತ್ತದೆ. ಸಭೆಯಲ್ಲಿ ಕೊಟ್ಟ ಭರವಸೆ ಏನಾಯಿತು ಎಂದು ಕೇಳಲು ಮರುವರ್ಷ ಅದೇ ಮಕ್ಕಳು ಅಲ್ಲಿರುವುದಿಲ್ಲ. ಹಿಂದಿನ ತಂಡದ ವರದಿಯನ್ನು ಮುಂದಿನ ತರಗತಿ ಎತ್ತಿಕೊಂಡ ಕಡೆ ಮಾತ್ರ ಕೆಲಸ ಬೆಳೆಯುತ್ತದೆ. ಕಾರ್ಯಕ್ರಮಕ್ಕೆ ಅರ್ಜಿ ಹಾಕುವ ಶಾಲೆಗಳು ಮೊದಲೇ ಉತ್ಸಾಹಿ ಶಿಕ್ಷಕರಿರುವ ಶಾಲೆಗಳು ಎಂಬುದನ್ನೂ ಮರೆಯುವಂತಿಲ್ಲ. ಆದ್ದರಿಂದ ಅಲ್ಲಿನ ಯಶಸ್ಸನ್ನು ಎಲ್ಲ ಶಾಲೆಗಳ ಸಾಧ್ಯತೆ ಎಂದು ಹಿಗ್ಗಿಸಿ ಹೇಳುವುದು ಸರಿಯಲ್ಲ. 2019ರ 92ನೇ ಕಾಯ್ದೆ ಪೌರಶಿಕ್ಷಣವನ್ನು ಕಡ್ಡಾಯ ಮಾಡಿ, 2020–21ರಿಂದ ವರ್ಷಕ್ಕೆ ಕನಿಷ್ಠ 33 ಗಂಟೆ ಮೀಸಲಿಟ್ಟ ಮೇಲೆ ಇಂಥ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಅಧಿಕೃತ ಜಾಗ ಸಿಕ್ಕಿತು.

ಈ ಮಿತಿಗಳ ನಡುವೆಯೂ 2021–22ರಲ್ಲಿ ಐರೋಪ್ಯ ಆಯೋಗದ ಬೆಂಬಲದಿಂದ ಬಲ್ಗೇರಿಯಾ, ಕ್ರೊಯೇಶಿಯಾ, ಗ್ರೀಸ್, ಪೋರ್ಚುಗಲ್ ಮತ್ತು ಸ್ಪೇನ್‌ಗಳಲ್ಲೂ ಇದೇ ಪದ್ಧತಿಯನ್ನು ಪ್ರಯೋಗಿಸಲಾಯಿತು.

ಸಮಾನ ಪ್ರಯತ್ನಗಳು

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ಗೂಲ್ಡ್ ಮತ್ತು ಸಂಗಡಿಗರು ರೂಪಿಸಿದ 'ದತ್ತಾಂಶ ವಿಜ್ಞಾನ ಪ್ರವೇಶ' ಎಂಬ ವರ್ಷಾವಧಿ ಪಠ್ಯಕ್ರಮ 2014–15ರಲ್ಲಿ ಅಲ್ಲಿನ ಸರ್ಕಾರಿ ಪ್ರೌಢಶಾಲೆಗಳಿಗೆ ಬಂತು. ಅಲ್ಲಿ ದತ್ತಾಂಶವನ್ನು ಮಕ್ಕಳೇ ಹುಟ್ಟಿಸುತ್ತಾರೆ. ತಾವು ತಿಂದ ಕುರುಕಲು, ಎಸೆದ ಕಸ ಇಂಥವನ್ನು ಫೋನಿನಲ್ಲಿ ದಾಖಲಿಸಿ, ಆರ್ ಎಂಬ ಗಣಕಭಾಷೆಯಲ್ಲಿ ವಿಶ್ಲೇಷಿಸುತ್ತಾರೆ. ಗಣಿತದ ಕಡೆಯಿಂದ ನೋಡಿದರೆ ಇದು ಇಟಲಿಯ ಪ್ರಯತ್ನಕ್ಕಿಂತ ಆಳವಾದದ್ದು. ಆದರೆ ಕಾಲೇಜು ಪ್ರವೇಶಕ್ಕೆ ಎರಡನೆಯ ಹಂತದ ಬೀಜಗಣಿತದ ಬದಲಿಗೆ ಇಂಥ ಪಠ್ಯವನ್ನು ಒಪ್ಪಬಹುದೇ ಎಂಬ ವಾದ ಎದ್ದು, 2023ರಲ್ಲಿ ಅದೇ ವಿಶ್ವವಿದ್ಯಾಲಯದ ಪ್ರವೇಶ ಮಂಡಳಿ ಒಪ್ಪುವುದಿಲ್ಲ ಎಂದಿತು. ಯುರೋಪಿನ ಸಂಖ್ಯಾಶಾಸ್ತ್ರ ಶಿಕ್ಷಕರು 2015ರಿಂದ 2018ರವರೆಗೆ ನಡೆಸಿದ ಪ್ರೊಸಿವಿಕ್‌ಸ್ಟ್ಯಾಟ್ ಯೋಜನೆ ವಲಸೆ, ಅಸಮಾನತೆ, ಹವಾಮಾನ ಮುಂತಾದ ವಿಷಯಗಳ ನಿಜವಾದ ದತ್ತಾಂಶದಿಂದ ಪಾಠಗಳನ್ನು ಕಟ್ಟಿಕೊಟ್ಟಿತು.

ಕರ್ನಾಟಕ

ಭಾರತದಲ್ಲಿ ಸಿಬಿಎಸ್‌ಇ 2021–22ರಿಂದ ದತ್ತಾಂಶ ವಿಜ್ಞಾನವನ್ನು ಕೌಶಲ ವಿಷಯವಾಗಿ ತಂದಿದೆ. ಎಂಟನೇ ತರಗತಿಗೆ 12 ಗಂಟೆಯ ಕಿರುಪಾಠವಾಗಿಯೂ ಹನ್ನೊಂದು, ಹನ್ನೆರಡಕ್ಕೆ ಪೂರ್ಣ ವಿಷಯವಾಗಿಯೂ ಅದು ಇದೆ. ಅದರ ಒತ್ತು ಉದ್ಯೋಗಕ್ಕೆ ಬೇಕಾದ ಕೌಶಲದ ಮೇಲೆ. ಊರಿನ ಆಡಳಿತಕ್ಕೂ ಅದಕ್ಕೂ ನಂಟು ಬೆಸೆದಿಲ್ಲ.

ಇನ್ನೊಂದು ಕಡೆ, ಇಟಲಿಯ ಮಕ್ಕಳು ವರ್ಷದ ಕೊನೆಗೆ ತಾವೇ ಏರ್ಪಡಿಸಿಕೊಳ್ಳಬೇಕಾದ ಸಭೆ ಕರ್ನಾಟಕದಲ್ಲಿ ಆಗಲೇ ಇದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ಸಂಘಟನೆಯಾದ ಭೀಮಸಂಘದವರು ಮಕ್ಕಳ ಪಂಚಾಯತಿ ಕಟ್ಟಿಕೊಂಡು, ತಾವೇ ಮಾಹಿತಿ ಕಲೆಹಾಕಿ ಹಿರಿಯರ ಪಂಚಾಯತಿಯ ಮುಂದಿಡುವ ರೂಢಿ ಬೆಳೆಸಿದರು. ಮುಂದೆ ರಾಜ್ಯ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಈ ಸಭೆಗಳು ಸೇರುತ್ತವೆ. ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಶಾಲೆಯ ಹೊತ್ತಿಗೆ ಬರುವುದಿಲ್ಲ, ಕಾಂಪೌಂಡ್ ಇಲ್ಲ ಎಂಬ ಅಹವಾಲುಗಳನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಳ್ಳುತ್ತಾರೆ. ಅಹವಾಲಿನ ಜೊತೆ ಅಂಕಿ ಇದ್ದಾಗ ಅದನ್ನು ತಳ್ಳಿಹಾಕುವುದು ಕಷ್ಟ, ಮತ್ತು ಆ ಅಂಕಿ ಸಿಗುವುದು ದೂರದಲ್ಲೇನೂ ಇಲ್ಲ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಕೊಠಡಿ, ಶೌಚಾಲಯ, ಕುಡಿಯುವ ನೀರು, ಇಳಿಜಾರು ದಾರಿ ಇವುಗಳ ವಿವರವನ್ನು ಮುಖ್ಯಶಿಕ್ಷಕರು ವರ್ಷವೂ ತುಂಬುತ್ತಾರೆ, ಶಾಲೆಯ ಮೂಲ ವಿವರ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಆ ಒಂದು ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದು, ಏಳನೇ ತರಗತಿಯವರನ್ನು ಅಂಗಳಕ್ಕೆ ಕಳಿಸಿ, ಇರುವ ಶೌಚಾಲಯಗಳಲ್ಲಿ ಬಾಗಿಲು ಮುಚ್ಚಿಕೊಳ್ಳುವವು ಎಷ್ಟು, ನೀರು ಬರುವವು ಎಷ್ಟು ಎಂದು ಎಣಿಸಿ ತರಲು ಹೇಳುವುದಕ್ಕೆ ಕಂಪ್ಯೂಟರ್ ಕೊಠಡಿ ಬೇಡ. ಉದ್ಯೋಗ ಖಾತ್ರಿ ಯೋಜನೆಯಡಿ ಪಂಚಾಯತಿಯಲ್ಲಿ ನಡೆದ ಕಾಮಗಾರಿಗಳ ಪಟ್ಟಿಯೂ ವೆಚ್ಚದ ಸಮೇತ ಸಾರ್ವಜನಿಕವಾಗಿ ಪ್ರಕಟವಾಗುತ್ತ ಬಂದಿದೆ. ಅವುಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಯೇ ಮಾಡಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆ ಹೇಳಿತ್ತು. ಪ್ರೌಢಶಾಲೆಯ ಮಕ್ಕಳು ಆ ಪಟ್ಟಿಯ ಒಂದು ಕೆರೆಯನ್ನೋ ಚರಂಡಿಯನ್ನೋ ಟೇಪು ಹಿಡಿದು ಅಳೆದು, ದಾಖಲೆಯ ಉದ್ದಕ್ಕೂ ನೆಲದ ಉದ್ದಕ್ಕೂ ತಾಳೆ ನೋಡಿದರೆ, ಮಕ್ಕಳ ಗ್ರಾಮಸಭೆಯಲ್ಲಿ ಪಿಡಿಒ ಕೈಗೆ ಕೊಡಲು ಅವರ ಬಳಿ ಒಂದು ಹಾಳೆ ಇರುತ್ತದೆ.