ಆಟ ಆಡುವವರು ನಾವು, ನಿಯಮ ಬದಲಿಸುವವರು ಯಾರು?

ಊಟ ಮುಗಿಸಿ ಮೊಬೈಲ್ ಹಿಡಿದರೆ ಆಟ ತೆರೆಯುವುದಿಲ್ಲ, ಮೊದಲು ‘ಅಪ್‌ಡೇಟ್ ಮಾಡಿ’ ಅನ್ನುತ್ತದೆ. ಆ ದಿನದ ಡೇಟಾ ಅದಕ್ಕೇ ಖಾಲಿ. ಮರುದಿನ ಆಡಲು ಕೂತರೆ ನೆಚ್ಚಿನ ಬಂದೂಕಿನ ಬಲವೇ ಕಡಿಮೆಯಾಗಿರುತ್ತದೆ. ಈ ಸಿಟ್ಟು ನಮ್ಮ ಹಳ್ಳಿ ಹುಡುಗರದ್ದು ಮಾತ್ರ ಅಲ್ಲ. ಇದಕ್ಕೆ 20 ವರ್ಷ ಮೀರಿದ ಇತಿಹಾಸವಿದೆ.

ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್ ನೆನಪಿದೆಯೇ? ಕ್ಯಾಸೆಟ್ ಒಳಗಿನ ಆಟ ಕೊಂಡ ದಿನ ಹೇಗಿತ್ತೋ ಕೊನೆವರೆಗೂ ಹಾಗೇ ಇರುತ್ತಿತ್ತು. ಆನ್‌ಲೈನ್ ಆಟ ಹಾಗಲ್ಲ. ಅದರ ಲೆಕ್ಕಪತ್ರವೆಲ್ಲ ಕಂಪನಿಯ ಸರ್ವರ್‌ನಲ್ಲಿ. ಅಲ್ಲಿ ನಿಯಮ ಬದಲಾದರೆ ಎಲ್ಲರಿಗೂ ಬದಲಾದಂತೆ. ಪ್ಯಾಚ್ ಅಂದರೆ ತೇಪೆ. ಹರಿದ ಕಡೆ ಹಾಕಬೇಕಾದ ತೇಪೆಯ ಹೆಸರಲ್ಲಿ ಕೆಲವೊಮ್ಮೆ ಅಂಗಿಯನ್ನೇ ಬದಲಿಸಿದ್ದೂ ಇದೆ.

2003ರಲ್ಲಿ ಅಮೆರಿಕದಲ್ಲಿ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಎಂಬ ಆಟ ಶುರುವಾಯಿತು. ಅದರಲ್ಲಿ ಯೋಧರಷ್ಟೇ ಅಲ್ಲ, ಅಡುಗೆಯವರು, ದರ್ಜಿಗಳು, ನೃತ್ಯ ಮಾಡುವವರೂ ಇದ್ದರು. 30ಕ್ಕೂ ಹೆಚ್ಚು ಕಸುಬುಗಳು. 2005ರ ನವೆಂಬರ್‌ನಲ್ಲಿ ಬಂದ ಒಂದು ಅಪ್‌ಡೇಟ್ ಅವನ್ನು 9ಕ್ಕೆ ಇಳಿಸಿತು. ತಿಂಗಳುಗಟ್ಟಲೆ ಕೂತು ಕಲಿತ ಕಸುಬು ಬೆಳಗಾಗುವಷ್ಟರಲ್ಲಿ ಇಲ್ಲವಾಯಿತು. ಬೇಸತ್ತ ಬಹಳ ಮಂದಿ ಆಟ ಬಿಟ್ಟರು. 2011ರ ಡಿಸೆಂಬರ್‌ನಲ್ಲಿ ಅದು ಮುಚ್ಚಿಯೇ ಹೋಯಿತು.

ಇಂಗ್ಲೆಂಡಿನ ‘ರೂನ್‌ಸ್ಕೇಪ್’ ಕಥೆ ಬೇರೆ ದಾರಿ ಹಿಡಿಯಿತು. 2001ರಲ್ಲಿ ಶುರುವಾದ ಈ ಆಟದಲ್ಲಿ ಮರ ಕಡಿದು, ಮೀನು ಹಿಡಿದು, ಮಾರಿ ಬದುಕಬಹುದು. ಆಟದ ನಾಣ್ಯವನ್ನು ನಿಜವಾದ ಹಣಕ್ಕೆ ಮಾರುವ ದಂಧೆಯವರು ಸೇರಿಕೊಂಡಾಗ, ಅವರನ್ನು ತಡೆಯಲು ಜಾಗೆಕ್ಸ್ ಕಂಪನಿ 2007-08ರಲ್ಲಿ ಆಟಗಾರರ ನಡುವಿನ ಮುಕ್ತ ಕೊಡು-ಕೊಳ್ಳುವಿಕೆಗೇ ಮಿತಿ ಹಾಕಿತು. ಕಾರಣ ಸರಿಯಿತ್ತು. ಆದರೆ ಗೆಳೆಯನಿಗೆ ಬೆಲೆಬಾಳುವ ಕತ್ತಿಯನ್ನು ಸುಮ್ಮನೆ ಕೊಡುವ ದಾರಿಯೂ ಮುಚ್ಚಿತು. ಆಟಗಾರರ ಮತ ಕೇಳಿದ ಮೇಲೆ, 2011ರ ಫೆಬ್ರವರಿಯಲ್ಲಿ ಆ ಮಿತಿ ತೆಗೆದರು.

ಮರುವರ್ಷ ನವೆಂಬರ್‌ನಲ್ಲಿ ಕಾದಾಟದ ರೀತಿಯನ್ನೇ ಬದಲಿಸಿದರು. ಒಮ್ಮೆ ಕ್ಲಿಕ್ ಮಾಡಿದರೆ ಸಾಕಿದ್ದ ಕಡೆ ಸಾಲು ಬಟನ್‌ಗಳು ಬಂದವು. ಹಳಬರು ಸಿಡಿದೆದ್ದರು. ಕಂಪನಿಯ ಹತ್ತಿರ 2007ರ ಆಗಸ್ಟ್‌ನ ಆಟದ ಪ್ರತಿಯೊಂದು ಉಳಿದಿತ್ತು. ‘ಅದನ್ನೇ ಮತ್ತೆ ತೆರೆಯೋಣವೇ?’ ಎಂದು 2013ರ ಫೆಬ್ರವರಿಯಲ್ಲಿ ಮತ ಕೇಳಿದರು. 4 ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಅದೇ ತಿಂಗಳು ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಬಾಗಿಲು ತೆರೆಯಿತು.

ಅಲ್ಲೊಂದು ಕಟ್ಟಳೆ ಬಂತು: ಆಟಕ್ಕೆ ಹೊಸದೇನಾದರೂ ಸೇರಿಸಬೇಕಾದರೆ ಆಟಗಾರರ ಮತ ಬೇಕು, ನೂರಕ್ಕೆ 75 ಮಂದಿ ಒಪ್ಪಬೇಕು. ಮುಂದೆ ಅದನ್ನು 70ಕ್ಕೆ ಇಳಿಸಿದರು. ದೋಷ ತಿದ್ದುವ ತೇಪೆಗೆ ಮತ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. 2018ರಲ್ಲಿ ಅದು ಮೊಬೈಲಿಗೂ ಬಂತು. ಹೊಸದಕ್ಕಿಂತ ಹಳೆಯದನ್ನು ಆಡುವವರೇ ಹೆಚ್ಚಾದರು.

ಅಪ್‌ಡೇಟ್ ಬೇಡ ಅನ್ನಲಾಗದು. ಕಳ್ಳಾಟ ತಡೆಯಲು, ದೋಷ ತಿದ್ದಲು ಅದು ಬೇಕೇ ಬೇಕು. ಆದರೆ ವರ್ಷಗಟ್ಟಲೆ ಸಮಯ ಸುರಿದವರನ್ನು ಒಂದು ಮಾತು ಕೇಳುವುದು ಆಗದ ಕೆಲಸವಲ್ಲ. ಒಂದು ಕಂಪನಿ ಕೇಳಿ ತೋರಿಸಿದೆ.